ದಿನದ ಓಡಾಟಕ್ಕೊಂದು ಚಾಪರ್

ಚಾಪರ್ ಬೈಕು ರೂಪುಗೊಂಡದ್ದು ತಿರುವೇ ಕಾಣದ ಉದ್ದನೆಯ ಹೆದ್ದಾರಿಗಳ ನಾಡಿನಲ್ಲಿ. ಚೆನ್ನೈನ ಕೀಲ್ಪಾಕ್‌ನಲ್ಲಿ ಅಂಥ ರಸ್ತೆಯಿಲ್ಲ. ಇಲ್ಲಿರುವುದು ಪೂನಮಲ್ಲಿ ಹೈರೋಡಿನ ಸಿಗ್ನಲ್‌ಗಳು, ಮೆಡಿಕಲ್ ಕಾಲೇಜು ಆಸ್ಪತ್ರೆಯತ್ತ ನುಗ್ಗುವ ಆಂಬುಲೆನ್ಸ್‌ಗಳು, ಗಾರ್ಡನ್ ರೋಡ್ ಮತ್ತು ಟೇಲರ್ಸ್ ರೋಡಿನ ಬಿಗಿ ತಿರುವುಗಳು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಠ ಹಿಡಿದು ಸುರಿಯುವ ಮಳೆ. ಆದರೂ ಹಳೇ ಶೈಲಿಯ ಚಾಪರ್ ಕಟ್ಟಬೇಕೆಂಬ ಆಸೆ ಈ ಬಡಾವಣೆಯ ಹುಡುಗರಲ್ಲಿ ಮೂಡಿದರೆ ಅದಕ್ಕೆ ಬಲವಾದ ಕಾರಣವಿದೆ. ಬುಲೆಟ್ ಎಂಬ ಗಾಡಿ ದಶಕಗಳ ಕಾಲ ತಯಾರಾದದ್ದು ಇದೇ ಊರಿನ ಉತ್ತರ ತುದಿಯ ತಿರುವೊಟ್ರಿಯೂರಿನಲ್ಲಿ. ಬಿಚ್ಚಿದ ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಪುದುಪೇಟೆ ಕೀಲ್ಪಾಕ್‌ಗೆ ಹತ್ತಿರದಲ್ಲೇ ಇದೆ. ಹೊಸ ಸಾಮಾನು ಬೇಕೆಂದರೆ ಜನರಲ್ ಪ್ಯಾಟರ್ಸ್ ರೋಡ್, ಲೇತ್ ಕೆಲಸಕ್ಕೆ ಅಂಬತ್ತೂರು ಕೈಗಾರಿಕಾ ವಸಾಹತು. ಸಾಮಾನೂ ಇದೆ, ಕೈಗಳೂ ಇವೆ.

ಕಟ್ಟಲು ಸಾಧ್ಯವೇ ಎಂಬುದು ಹಾಗಾಗಿ ಇಲ್ಲಿ ಪ್ರಶ್ನೆಯಲ್ಲ. ಕಟ್ಟಿದ ಗಾಡಿಯಲ್ಲಿ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ತರಕಾರಿ ತರಲು ಆಗುತ್ತದೆಯೇ ಎಂಬುದೇ ಪ್ರಶ್ನೆ. ಆಗುತ್ತದೆ. ಅದಕ್ಕೆ ಚಾಪರ್‌ನ ಅಂದ ಎಲ್ಲಿದೆ, ಅಪಾಯ ಎಲ್ಲಿದೆ ಎಂಬುದನ್ನು ಬೇರೆ ಬೇರೆಯಾಗಿ ನೋಡಲು ಕಲಿಯಬೇಕು.

ಯುದ್ಧದಿಂದ ಮರಳಿದವರ ಗಾಡಿ

ಎರಡನೇ ಮಹಾಯುದ್ಧ ಮುಗಿಸಿ ಊರಿಗೆ ಮರಳಿದ ಅಮೆರಿಕದ ಯುವಕರಿಗೆ ಸೇನೆಯ ಹಳೇ ಹಾರ್ಲಿಗಳು ಅಗ್ಗಕ್ಕೆ ಸಿಕ್ಕವು. ಅವು ಭಾರದ ಗಾಡಿಗಳು. ವೇಗ ಬೇಕಾದರೆ ತೂಕ ಇಳಿಸಬೇಕು. ಮುಂದಿನ ಮಡ್‌ಗಾರ್ಡ್ ಕಿತ್ತರು, ಹಿಂದಿನದನ್ನು ಮೊಟಕು ಮಾಡಿದರು, ಬೇಡವೆನಿಸಿದ್ದನ್ನೆಲ್ಲ ಬಿಚ್ಚಿಟ್ಟರು. ಬಾಬರ್ ಶೈಲಿ ಬೆಳೆದದ್ದು ಹೀಗೆ. ಅಲ್ಲಿ ಚಾಸಿಗೆ ಯಾರೂ ಕೈ ಹಾಕಿರಲಿಲ್ಲ. ಐವತ್ತು, ಅರವತ್ತರ ದಶಕಗಳಲ್ಲಿ ಗರಗಸ ಚಾಸಿಗೂ ತಲುಪಿತು. ಹ್ಯಾಂಡಲ್ ಕೂರುವ ಕತ್ತಿನ ಭಾಗವನ್ನು ಕತ್ತರಿಸಿ, ಇನ್ನಷ್ಟು ಹಿಂದಕ್ಕೆ ವಾಲಿಸಿ ವೆಲ್ಡ್ ಮಾಡಿ, ಉದ್ದನೆಯ ಫೋರ್ಕ್ ಹಾಕತೊಡಗಿದರು. ಪುಟ್ಟ ಟ್ಯಾಂಕು, ಎತ್ತರದ ಹ್ಯಾಂಡಲ್, ಬೆನ್ನಿಗೆ ಒರಗು ಕಂಬಿ, ತೆಳ್ಳನೆಯ ಮುಂದಿನ ಚಕ್ರ, ದಪ್ಪನೆಯ ಹಿಂದಿನ ಚಕ್ರ. ಇಂದು ಚಾಪರ್ ಎಂದಾಗ ಕಣ್ಣ ಮುಂದೆ ಬರುವ ಚಿತ್ರ ಆಗಲೇ ಪೂರ್ಣಗೊಂಡಿತ್ತು.

ಆ ಚಿತ್ರವನ್ನು ಜಗತ್ತಿಗೆಲ್ಲ ತಲುಪಿಸಿದ್ದು 1969ರ ‘ಈಝಿ ರೈಡರ್’ ಸಿನಿಮಾ. ಅದರಲ್ಲಿ ಪೀಟರ್ ಫೋಂಡಾ ಓಡಿಸಿದ ‘ಕ್ಯಾಪ್ಟನ್ ಅಮೆರಿಕ’ ಗಾಡಿಯನ್ನು ರೂಪಿಸಿದವರು ಲಾಸ್ ಏಂಜಲೀಸ್‌ನ ಕ್ಲಿಫ್ ವಾನ್ಸ್ ಮತ್ತು ಬೆನ್ ಹಾರ್ಡಿ ಎಂಬ ಇಬ್ಬರು ಕಪ್ಪು ಕುಶಲಕರ್ಮಿಗಳು. ಪೊಲೀಸ್ ಇಲಾಖೆ ಹರಾಜು ಹಾಕಿದ್ದ ಹಳೇ ಹಾರ್ಲಿಗಳಿಂದ ಅವರು ಆ ಸಿನಿಮಾದ ಗಾಡಿಗಳನ್ನು ಕಟ್ಟಿದರು. ಸಿನಿಮಾದ ಶೀರ್ಷಿಕೆ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಕೈಕೆಲಸದವರ ಹೆಸರು ಹೀಗೆ ಅಳಿಸಿಹೋಗುವುದು ಅನ್ಯಾಯ. ಆದ್ದರಿಂದ ಚಾಪರ್ ಬಗ್ಗೆ ಬರೆಯುವವರು ಈ ಇಬ್ಬರನ್ನು ನೆನೆಯಲೇಬೇಕು.

ಆ ಪ್ರಸಿದ್ಧ ಗಾಡಿಗೆ ಮುಂದಿನ ಬ್ರೇಕ್ ಇರಲಿಲ್ಲ. ತೆರೆಯ ಮೇಲೆ ಅದು ಚೆಂದ. ಕೀಲ್ಪಾಕ್‌ನ ಸಿಗ್ನಲ್‌ನಲ್ಲಿ ಮುಂದಿನ ಶೇರ್ ಆಟೊ ಥಟ್ಟನೆ ನಿಂತಾಗ ಅದು ಪ್ರಾಣಾಪಾಯ.

ಮದ್ರಾಸಿನ ಬುಲೆಟ್, ಮೈಸೂರಿನ ಜಾವಾ

ಬುಲೆಟ್‌ನ ಮೂಲ ಇಂಗ್ಲೆಂಡಿನ ರೆಡ್ಡಿಚ್. ಐವತ್ತರ ದಶಕದ ಆರಂಭದಲ್ಲಿ ನಮ್ಮ ಸೇನೆ ಗಡಿ ಕಾವಲಿಗೆಂದು ಆ ಗಾಡಿಯನ್ನು ಆರಿಸಿಕೊಂಡಿತು. 1955ರಲ್ಲಿ ರೆಡ್ಡಿಚ್ ಕಂಪನಿ ಮದ್ರಾಸ್ ಮೋಟರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪಿಸಿತು. ಮೊದಲು ಬಿಡಿಭಾಗ ತರಿಸಿ ಜೋಡಿಸುತ್ತಿದ್ದರು. ಅರವತ್ತರ ದಶಕದ ಆರಂಭದ ಹೊತ್ತಿಗೆ ಪೂರ್ತಿ ಗಾಡಿ ಇಲ್ಲೇ ತಯಾರಾಗತೊಡಗಿತು. 1970ರಲ್ಲಿ ಇಂಗ್ಲೆಂಡಿನ ಮೂಲ ಕಂಪನಿ ಬಾಗಿಲು ಹಾಕಿತು. ಮದ್ರಾಸಿನ ಕಾರ್ಖಾನೆ ನಿಲ್ಲಲಿಲ್ಲ. 1977ರಲ್ಲಿ ಇಲ್ಲಿಂದ ಇಂಗ್ಲೆಂಡಿಗೇ ಬುಲೆಟ್ ರಫ್ತಾಯಿತು. 1994ರಲ್ಲಿ ಐಷರ್ ಕಂಪನಿ ಇದನ್ನು ಕೊಂಡಿತು, 2013ರಲ್ಲಿ ಒರಗಡಂನಲ್ಲಿ ಹೊಸ ಕಾರ್ಖಾನೆ ಬಂತು.

ಕನ್ನಡಿಗರಿಗೆ ಇಂಥದ್ದೇ ಅಭಿಮಾನದ ಇನ್ನೊಂದು ಗಾಡಿಯಿದೆ. 1960ರಲ್ಲಿ ಆರಂಭವಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ಜಾವಾ, 1973ರಿಂದ ಯೆಜ್ಡಿ ಬೈಕುಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಮೈಸೂರು, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಪ್ಪನ ಜಾವಾ ಇನ್ನೂ ಓಡುತ್ತಿದೆ.

ಚಾಪರ್ ಕಟ್ಟುವ ಉತ್ಸಾಹದಲ್ಲಿ ಇಂಥ ಹಳೇ ಅಸಲಿ ಗಾಡಿಯ ಮೇಲೆ ಗರಗಸ ಇಡಬೇಡಿ. ಇದು ಬರೀ ಭಾವನೆಯ ಮಾತಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ ಮತ್ತು ಎಂಜಿನ್ನಿನಲ್ಲಿ ಮಾರ್ಪಾಡಾಗದೆ ಮೂಲ ರೂಪದಲ್ಲೇ ಉಳಿದ ಗಾಡಿಗೆ ಮಾತ್ರ ಆ ಮಾನ್ಯತೆ. ಚಾಸಿ ಒಮ್ಮೆ ಕತ್ತರಿಸಿದರೆ ಆ ಅರ್ಹತೆ ಹೋದಂತೆ. ಮಾನ್ಯತೆ ಪಡೆದ ಗಾಡಿಯನ್ನೂ ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಗಳಿಗಲ್ಲದೆ ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಅಲ್ಲಿಗೆ ದಾರಿ ಸ್ಪಷ್ಟ: ಹಳೆಯದನ್ನು ಹಳೆಯದಾಗಿಯೇ ಉಳಿಸಿ. ಚಾಪರ್‌ಗೆ ಸಾವಿರಾರು ಸಂಖ್ಯೆಯಲ್ಲಿರುವ, ಬಿಡಿಭಾಗ ಸುಲಭವಾಗಿ ಸಿಗುವ ಇತ್ತೀಚಿನ ಗಾಡಿ ಆರಿಸಿ.

ಕತ್ತಿನ ಲೆಕ್ಕ

ಚಾಪರ್‌ನ ಸ್ವಭಾವವೆಲ್ಲ ಅಡಗಿರುವುದು ಎರಡು ಅಳತೆಗಳಲ್ಲಿ. ಹ್ಯಾಂಡಲ್ ತಿರುಗುವ ಅಚ್ಚು ನೆಟ್ಟಗಿನ ಗೆರೆಯಿಂದ ಎಷ್ಟು ಹಿಂದಕ್ಕೆ ವಾಲಿದೆ ಎಂಬುದು ರೇಕ್. ಆ ಅಚ್ಚಿನ ಗೆರೆಯನ್ನು ಹಾಗೇ ನೆಲದವರೆಗೆ ಎಳೆದರೆ ಅದು ಒಂದು ಬಿಂದುವನ್ನು ಮುಟ್ಟುತ್ತದೆ. ಚಕ್ರ ನೆಲ ಮುಟ್ಟುವ ಜಾಗ ಅದರ ಹಿಂದಿರುತ್ತದೆ. ಈ ಎರಡರ ನಡುವಿನ ಅಂತರವೇ ಟ್ರೇಲ್. ಆಸ್ಪತ್ರೆಯ ಸ್ಟ್ರೆಚರ್ ತಳ್ಳುವಾಗ ಅದರ ಚಿಕ್ಕ ಚಕ್ರ ತಾನಾಗಿ ಹಿಂದಕ್ಕೆ ತಿರುಗಿ ಹೋಗುವ ದಿಕ್ಕಿಗೆ ಸರಿಹೊಂದುತ್ತದಲ್ಲ, ಬೈಕಿನ ಮುಂದಿನ ಚಕ್ರ ನೆಟ್ಟಗೆ ಓಡುವುದಕ್ಕೂ ಟ್ರೇಲ್ ಹಾಗೆಯೇ ನೆರವಾಗುತ್ತದೆ.

ಒಂದು ಲೆಕ್ಕ ನೋಡೋಣ. ಟೈರೂ ಸೇರಿ ಮುಂದಿನ ಚಕ್ರದ ತ್ರಿಜ್ಯ 324 ಮಿ.ಮೀ., ಹ್ಯಾಂಡಲ್ ಅಚ್ಚಿನಿಂದ ಫೋರ್ಕ್ 55 ಮಿ.ಮೀ. ಮುಂದಿದೆ ಎಂದಿಟ್ಟುಕೊಳ್ಳಿ. ರೇಕ್ 27 ಡಿಗ್ರಿ ಇದ್ದರೆ ಟ್ರೇಲ್ ಸುಮಾರು 10 ಸೆಂ.ಮೀ. ಬರುತ್ತದೆ. ಸಾಮಾನ್ಯ ಬೈಕಿಗೆ ಇದು ಹಿತವಾದ ಅಳತೆ. ರೇಕ್ 32ಕ್ಕೆ ಏರಿದರೆ ಟ್ರೇಲ್ 14 ಸೆಂ.ಮೀ.; 40ಕ್ಕೆ ಏರಿದರೆ 20 ಸೆಂ.ಮೀ. ಅಂದರೆ 13 ಡಿಗ್ರಿ ಹೆಚ್ಚಾಗುವಷ್ಟರಲ್ಲಿ ಟ್ರೇಲ್ ಇಮ್ಮಡಿ.

ಹೆದ್ದಾರಿಯಲ್ಲಿ ಈ ದೊಡ್ಡ ಟ್ರೇಲ್ ವರ. ಗಾಡಿ ಹಳಿಯ ಮೇಲಿದ್ದಂತೆ ನೆಟ್ಟಗೆ ಸಾಗುತ್ತದೆ. ನಡಿಗೆಯ ವೇಗದಲ್ಲಿ ಅದೇ ಶಾಪ. ಹ್ಯಾಂಡಲ್ ಸ್ವಲ್ಪ ತಿರುಗಿಸಿದರೂ ಗಾಡಿಯ ಮೂತಿ ಕೆಳಗಿಳಿದು, ಚಕ್ರ ತಿರುಗಿದ ಕಡೆಗೇ ಧೊಪ್ಪನೆ ಬೀಳಲು ನೋಡುತ್ತದೆ. ಬೈಕ್ ಕಟ್ಟುವವರು ಇದನ್ನು ಫ್ಲಾಪ್ ಎನ್ನುತ್ತಾರೆ. ಮೇಲಿನ ಲೆಕ್ಕದಲ್ಲಿ 27 ಡಿಗ್ರಿಗೆ 4 ಸೆಂ.ಮೀ. ಇದ್ದ ಈ ಎಳೆತ 40 ಡಿಗ್ರಿಯಲ್ಲಿ ಸುಮಾರು 10 ಸೆಂ.ಮೀ. ಆಗುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ವಾಹನಗಳ ನಡುವೆ, ಒಂದು ಕೈಯಲ್ಲಿ ಕ್ಲಚ್ ಹಿಡಿದು ಕಾಲೂರುತ್ತ ಸಾಗುವಾಗ ಪ್ರತಿ ಸಲವೂ ತೋಳು ಈ ಭಾರ ಹೊರಬೇಕು. ಜೊತೆಗೆ ಎರಡು ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ಯು-ಟರ್ನ್‌ಗೆ ಜಾಗ ಹೆಚ್ಚು ಬೇಕು. ಫೋರ್ಕ್ ಉದ್ದವಾಗಿ ವಾಲಿದಷ್ಟೂ ಗುಂಡಿಯ ಏಟಿಗೆ ಅದು ಸಲೀಸಾಗಿ ಕುಗ್ಗದೆ ಬಾಗಲು ನೋಡುತ್ತದೆ. ಏಟು ನೇರ ಮಣಿಕಟ್ಟಿಗೆ ಬರುತ್ತದೆ.

ಬುಲೆಟ್ ವಿಷಯದಲ್ಲಿ ಇನ್ನೊಂದು ಮಾತಿದೆ. ಹಳೇ ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್ ಬಳಿ ಮಂಡಿಯೂರಿ ಕೆಳಗಿನಿಂದ ನೋಡಿ. ಕತ್ತಿನಿಂದ ಇಳಿದು ಬರುವ ಒಂಟಿ ಕೊಳವೆ ಎಂಜಿನ್ನಿನ ಮುಂಭಾಗಕ್ಕೆ ಬಂದು ನಿಂತುಬಿಡುತ್ತದೆ. ಎಂಜಿನ್ನಿನ ಅಡಿಯಲ್ಲಿ ಕೊಳವೆಯೇ ಇಲ್ಲ. ಅಲ್ಲಿಂದ ಹಿಂದಕ್ಕೆ ಭಾರ ಹೊರುವುದು ಎಂಜಿನ್, ಗೇರ್‌ಬಾಕ್ಸ್ ಮತ್ತು ಅವನ್ನು ಬಿಗಿದ ಬೋಲ್ಟುಗಳು. ಇಂಥ ಚೌಕಟ್ಟಿನ ಕತ್ತನ್ನು ಅಂದಾಜಿನ ಮೇಲೆ ಕತ್ತರಿಸಿ ವೆಲ್ಡ್ ಮಾಡಿದರೆ ಒತ್ತಡವೆಲ್ಲ ಹೊಸ ಬೆಸುಗೆಯ ಅಂಚಿಗೆ ಹೋಗಿ ಸೇರುತ್ತದೆ. ಬೆಸುಗೆ ಸೀಳುವುದು ನಿಂತಾಗ ಅಲ್ಲ, ಓಡುವಾಗ. ಅಷ್ಟೇ ಅಲ್ಲ, ಬುಲೆಟ್‌ನ ಚಾಸಿ ನಂಬರ್ ಅಚ್ಚೊತ್ತಿರುವುದೂ ಇದೇ ಕತ್ತಿನ ಮೇಲೆ. ಅಲ್ಲಿ ಗರಗಸ ಆಡಿಸುವುದೆಂದರೆ ಗಾಡಿಯ ಗುರುತಿನ ಪಕ್ಕದಲ್ಲೇ ಆಡಿಸಿದಂತೆ.

ಆರ್‌ಸಿ ಹೇಳುವುದೇನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ದಾಖಲಾದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ಜನವರಿ 2019ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತವಾಗಿ ಎತ್ತಿಹಿಡಿಯಿತು. ಅದೇ ವರ್ಷ ಬಂದ ತಿದ್ದುಪಡಿಯ 182ಎ ಸೆಕ್ಷನ್ ಇನ್ನೂ ಬಿಗಿ: ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ.

ಆರ್‌ಸಿಯನ್ನು ಒಮ್ಮೆ ಗಮನವಿಟ್ಟು ಓದಿ. ಚಾಸಿ ನಂಬರ್, ಎಂಜಿನ್ ನಂಬರ್, ಬಣ್ಣ, ಸಿಸಿ, ಸೀಟುಗಳ ಸಂಖ್ಯೆ, ಖಾಲಿ ಗಾಡಿಯ ತೂಕ, ವೀಲ್‌ಬೇಸ್ ಎಲ್ಲವೂ ಅಲ್ಲಿವೆ. ಕತ್ತು ವಾಲಿಸಿ ಫೋರ್ಕ್ ಉದ್ದ ಮಾಡಿದರೆ ವೀಲ್‌ಬೇಸ್ ಬದಲಾಯಿತು. ಹಿಂದಿನ ಸೀಟು ಕಿತ್ತರೆ ಸೀಟಿನ ಲೆಕ್ಕ ತಪ್ಪಿತು. ಬಣ್ಣ ಬದಲಿಸಿದರೂ ಆರ್‌ಟಿಒದಲ್ಲಿ ದಾಖಲಿಸಬೇಕು. ಅಪಘಾತವಾದಾಗ ಗಾಡಿ ಕಾಗದದಂತಿಲ್ಲ ಎಂಬುದೇ ವಿಮೆಯ ಹಣ ತಪ್ಪಲು ಕಾರಣವಾಗಬಹುದು. ನಂಬರ್ ಪ್ಲೇಟನ್ನು ಹಿಂದಿನ ಚಕ್ರದ ಪಕ್ಕದಲ್ಲಿ ಉದ್ದುದ್ದ ನಿಲ್ಲಿಸುವುದು ಚಾಪರ್ ಶೈಲಿ. ನಮ್ಮ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ಕನ್ನಡಿಗಳು ಬೇಕೇ ಬೇಕು.

ಸೈಲೆನ್ಸರ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಒಳಗಿನ ಜಾಲರಿ ಕಿತ್ತ ಖಾಲಿ ಕೊಳವೆಯ ಸದ್ದು ಚಾಪರ್‌ಗೆ ಶೋಭೆ ಎಂದು ನಂಬಿದವರಿದ್ದಾರೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ ವಿಧಿಸಬಹುದು. ದಂಡದ ಮಾತು ಹಾಗಿರಲಿ. ಕೀಲ್ಪಾಕ್‌ನಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಯಿದೆ, 18ನೇ ಶತಮಾನದಲ್ಲಿ ಬೇರೂರಿದ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ರಾತ್ರಿ ಹೊತ್ತು ಅವುಗಳ ಗೋಡೆ ಪಕ್ಕದಲ್ಲಿ ಸಿಡಿಲಿನಂತೆ ಸಾಗುವ ಹಕ್ಕು ಯಾರಿಗೂ ಇಲ್ಲ.

ಅಂದ ಇರುವುದು ಗೆರೆಯಲ್ಲಿ

ಇಷ್ಟೆಲ್ಲ ಕಟ್ಟುಪಾಡುಗಳ ನಡುವೆ ಚಾಪರ್ ಉಳಿಯುತ್ತದೆಯೇ? ಉಳಿಯುತ್ತದೆ. ಚಾಪರ್ ಚೆನ್ನಾಗಿ ಕಾಣುವುದು ಫೋರ್ಕ್ ಉದ್ದವಾಗಿರುವುದರಿಂದಷ್ಟೇ ಅಲ್ಲ. ಒಳ್ಳೆಯ ಚಾಪರನ್ನು ಪಕ್ಕದಿಂದ ನೋಡಿದರೆ ಕತ್ತಿನಿಂದ ಟ್ಯಾಂಕಿನ ಅಡಿಗೆ, ಸೀಟಿನ ತಗ್ಗಿಗೆ, ಅಲ್ಲಿಂದ ಹಿಂದಿನ ಅಚ್ಚಿಗೆ ಒಂದೇ ಗೆರೆ ಇಳಿದುಹೋಗುತ್ತದೆ. ಎಂಜಿನ್ನಿನ ಸುತ್ತ ಬೆಳಕು ಹಾಯುವಷ್ಟು ಬಯಲು ಇರುತ್ತದೆ. ಈ ಗೆರೆ, ಈ ಬಯಲು ಇವೆರಡನ್ನೂ ಕತ್ತು ಕತ್ತರಿಸದೆಯೇ ತರಬಹುದು.

ಗಾಡಿಯ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬಜಾಜ್ ಅವೆಂಜರ್ 220ರ ವೀಲ್‌ಬೇಸ್ ಕಾರ್ಖಾನೆಯಿಂದಲೇ 1,490 ಮಿ.ಮೀ.; ಹಳೇ ಬುಲೆಟ್‌ನದು 1,370. ಅವೆಂಜರ್‌ನ ಸೀಟು ನೆಲದಿಂದ 737 ಮಿ.ಮೀ. ಎತ್ತರ, ಹಿಂದಿನ ಚಕ್ರ 15 ಇಂಚಿನ ದಪ್ಪ ಟೈರಿನದು. ಚಾಪರ್ ಬಯಸುವ ಮೈಕಟ್ಟು ತಯಾರಕರ ಕಾಗದದಲ್ಲೇ ಇದೆ. ಬುಲೆಟ್ಟಿನ ಎದೆಬಡಿತವೇ ಬೇಕೆನ್ನುವವರು 2009ರ ನಂತರದ ಎಂಜಿನ್ನಿನ ಗಾಡಿ ನೋಡಬಹುದು. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಗೂಡಿನಲ್ಲಿವೆ, ಗೇರು ಎಡಗಾಲಿಗೆ ಬಂದಿದೆ, ಹಲವು ಮಾದರಿಗಳು ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತವೆ.

ಹಳೇ ಬುಲೆಟ್ ಎಬ್ಬಿಸುವುದು ಒಂದು ವಿದ್ಯೆ. ಕೀಲಿ ತಿರುಗಿಸಿ, ಕಿಕ್ಕರ್ ನಿಧಾನವಾಗಿ ಒತ್ತುತ್ತ ಆಮ್ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಾಯಬೇಕು. ಆಮೇಲೆ ಡಿಕಂಪ್ರೆಸರ್ ಹಿಡಿದು ಪಿಸ್ಟನ್ನನ್ನು ಕೂದಲೆಳೆಯಷ್ಟು ಮುಂದೆ ದಾಟಿಸಿ, ಕಿಕ್ಕರನ್ನು ಮೇಲಕ್ಕೆ ಬಿಟ್ಟು ಒಂದೇ ಪಟ್ಟಿಗೆ ಒದೆಯಬೇಕು. ಭಾನುವಾರ ಬೆಳಿಗ್ಗೆ ಅದು ಸುಖ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ನಡುರಸ್ತೆಯಲ್ಲಿ ಅದು ಸಂಕಟ.

ಗಾಡಿ ಸಿಕ್ಕ ಮೇಲೆ ಬದಲಿಸುವುದೆಲ್ಲ ಬೋಲ್ಟಿನಲ್ಲಿ ಬಿಚ್ಚಿ ಹಾಕುವಂಥದ್ದಾಗಿರಲಿ, ಮೂಲ ಭಾಗಗಳನ್ನು ಜೋಪಾನವಾಗಿ ಎತ್ತಿಡಿ. ನಿಯಮದ ಮಿತಿಯನ್ನು ಮೊದಲೇ ಆರ್‌ಟಿಒದಲ್ಲಿ ಕೇಳಿ ತಿಳಿದುಕೊಳ್ಳಿ. ಟ್ಯಾಂಕು ಚಿಕ್ಕದಾದರೆ ಗೆರೆ ತಾನಾಗಿ ಹಗುರಾಗುತ್ತದೆ. 8 ಲೀಟರಿನ ಟ್ಯಾಂಕಿದ್ದರೂ ಲೀಟರಿಗೆ 35 ಕಿ.ಮೀ. ಕೊಡುವ ಗಾಡಿ 280 ಕಿ.ಮೀ. ಓಡುತ್ತದೆ, ಊರೊಳಗಿನ ಓಡಾಟಕ್ಕೆ ಧಾರಾಳ. ಹ್ಯಾಂಡಲ್ ಎತ್ತರವಿರಲಿ, ಆದರೆ ಮುಷ್ಟಿ ಭುಜಕ್ಕಿಂತ ಕೆಳಗಿರಲಿ. ಪಾದ ತೀರ ಮುಂದಕ್ಕೆ ಚಾಚಿದರೆ ಗುಂಡಿ ಕಂಡಾಗ ಕಾಲೂರಿ ಮೈ ಎತ್ತಲಾಗದು, ಏಟೆಲ್ಲ ಬೆನ್ನುಮೂಳೆಗೆ. ಫುಟ್‌ರೆಸ್ಟ್ ಮಂಡಿಯ ನೇರದ ಆಸುಪಾಸಿನಲ್ಲೇ ಇರಲಿ. ಹಿಂದಿನ ಶಾಕ್ ಅಬ್ಸಾರ್ಬರ್ ಕಿತ್ತು ಚೌಕಟ್ಟನ್ನು ಬಿಗಿ ಮಾಡುವುದು ಹಳೇ ಚಾಪರ್‌ನ ಹೆಗ್ಗುರುತು ನಿಜ. ಸ್ಪೀಡ್ ಬ್ರೇಕರ್‌ಗಳ ಈ ಊರಿನಲ್ಲಿ ಬೆನ್ನು ಅದನ್ನು ಹೆಚ್ಚು ಕಾಲ ತಾಳದು.

ಪುದುಪೇಟೆಯಲ್ಲಿ ಹಳೇ ಮಡ್‌ಗಾರ್ಡ್, ಹೆಡ್‌ಲೈಟ್ ಗೂಡು, ರಿಮ್ಮು, ಟ್ಯಾಂಕು ರಾಶಿ ಬಿದ್ದಿರುತ್ತವೆ. ಆರಿಸುವ ಕಣ್ಣಿದ್ದವರಿಗೆ ಅದೊಂದು ಖಜಾನೆ. ಬಿಲ್ಲಿಲ್ಲದೆ ಏನನ್ನೂ ತರಬೇಡಿ. ಎಂಜಿನ್, ಚಾಸಿಯಂತೂ ಕಾಗದವಿಲ್ಲದೆ ಮುಟ್ಟಲೂ ಬೇಡಿ. ಟ್ಯಾಂಕು ಕೊಳ್ಳುವಾಗ ಮುಚ್ಚಳ ತೆಗೆದು ಟಾರ್ಚು ಬಿಟ್ಟು ಒಳಗೆ ನೋಡಿ. ಹೊರಗಿನ ಬಣ್ಣ ಎಷ್ಟೇ ಹೊಳೆದರೂ ಒಳಗಿನ ತುಕ್ಕು ಕಾರ್ಬುರೇಟರಿಗೆ ಇಳಿದರೆ ಗಾಡಿ ದಾರಿಯಲ್ಲೇ ನಿಲ್ಲುತ್ತದೆ.

ದಿನದ ಪರೀಕ್ಷೆ

ಮೊದಲನೆಯದು ಬ್ರೇಕು. ಮುಂದೆ ಡಿಸ್ಕ್ ಇರಲೇಬೇಕು. ಎಬಿಎಸ್ ಜೊತೆ ಬಂದ ಗಾಡಿಯಾದರೆ ಅದರ ಸೆನ್ಸರ್, ವೈರು ಯಾವುದನ್ನೂ ಅಂದಕ್ಕೆಂದು ಬಿಚ್ಚಬೇಡಿ.

ಎರಡನೆಯದು ವೈರಿಂಗ್. ವೈರುಗಳನ್ನು ಕೊಳವೆಯೊಳಗೆ ಅಡಗಿಸುವುದು ನೋಡಲು ಚೆಂದ, ಆದರೆ ತೂತಿನ ಅಂಚಿಗೆ ರಬ್ಬರ್ ಬಳೆ ಹಾಕದಿದ್ದರೆ ಅಲುಗಾಟಕ್ಕೆ ವೈರಿನ ಮೈ ಸವೆದು ಶಾರ್ಟ್ ಆಗುತ್ತದೆ. ಫ್ಯೂಸು ಕೈಗೆ ಸಿಗುವಂತಿರಲಿ, ನೀರು ನುಗ್ಗದ ಕಪ್ಲರ್ ಬಳಸಿ.

ಮೂರನೆಯದು ಮಳೆ. 2015ರ ಡಿಸೆಂಬರ್, 2023ರ ಡಿಸೆಂಬರ್‌ನ ನೆರೆ ಕಂಡ ಚೆನ್ನೈಗೆ ನೀರಿನ ಪಾಠ ಹೇಳಬೇಕಿಲ್ಲ. ಏರ್ ಫಿಲ್ಟರಿನ ಬಾಯಿ ಮೂಲದಲ್ಲಿದ್ದ ಎತ್ತರಕ್ಕಿಂತ ಕೆಳಗಿಳಿಯಬಾರದು. ಮುಂದಿನ ಮಡ್‌ಗಾರ್ಡ್ ಚಿಕ್ಕದಾದರೂ ಇರಲೇಬೇಕು. ಇಲ್ಲದಿದ್ದರೆ ಚಕ್ರ ಎರಚಿದ ಕೆಸರು ಎಂಜಿನ್ನಿಗೂ ಮುಖಕ್ಕೂ ಬಡಿಯುತ್ತದೆ. ಸಮುದ್ರ ಅಷ್ಟೇನೂ ದೂರವಿಲ್ಲದ ಊರು ಇದು, ಉಪ್ಪುಗಾಳಿಗೆ ಕಳಪೆ ಕ್ರೋಮ್ ಬೇಗ ಚುಕ್ಕೆ ಕಟ್ಟುತ್ತದೆ. ಚಾಸಿಗೆ ಪೌಡರ್ ಕೋಟಿಂಗ್, ಬೋಲ್ಟುಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಬಾಳಿಕೆ ಬರುತ್ತವೆ.

ನಾಲ್ಕನೆಯ ಪರೀಕ್ಷೆ ಹಿಂದೆ ಕೂರುವವರದು. ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗಕ್ಕೆ ಬಟ್ಟೆ ಸಿಕ್ಕದಂತೆ ಮರೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಚಾಪರ್ ಕಟ್ಟುವವರು ಮೊದಲು ಕಿತ್ತೆಸೆಯುವುದೇ ಈ ಸೀರೆ ಗಾರ್ಡನ್ನು. ಅಮ್ಮನನ್ನು ದೇವಸ್ಥಾನಕ್ಕೆ ಕರೆದೊಯ್ಯಲಾಗದ ಗಾಡಿಯನ್ನು ನಮ್ಮ ಮನೆಗಳಲ್ಲಿ ದಿನದ ಗಾಡಿ ಎನ್ನುವುದಿಲ್ಲ. ಗಾಡಿಯ ಬಣ್ಣಕ್ಕೂ ಗೆರೆಗೂ ಹೊಂದುವ ಗಾರ್ಡ್ ಮಾಡಿಕೊಡುವುದು ಒಬ್ಬ ಜಾಣ ವೆಲ್ಡರ್‌ಗೆ ಕಷ್ಟದ ಕೆಲಸವಲ್ಲ.

ಸರ್ಕಾರಕ್ಕೊಂದು ಮನವಿ

ಕಾನೂನಿನ ಉದ್ದೇಶ ಒಳ್ಳೆಯದೇ. ಅಂದಾಜಿನ ಬೆಸುಗೆಯ ಗಾಡಿ ಓಡಿಸುವವನಿಗಷ್ಟೇ ಅಲ್ಲ, ರಸ್ತೆ ದಾಟುವವರಿಗೂ ಅಪಾಯ. ಆದರೆ ನಮ್ಮಲ್ಲಿ ನಿಷೇಧವಿದೆ, ಪರೀಕ್ಷೆಯ ದಾರಿಯಿಲ್ಲ. ಬ್ರಿಟನ್ನಿನಲ್ಲಿ ಒಂದೊಂದೇ ಬೈಕನ್ನು ತಪಾಸಣೆ ಮಾಡಿ ಒಪ್ಪಿಗೆ ಕೊಡುವ ವ್ಯವಸ್ಥೆಯಿದೆ. ಜರ್ಮನಿಯಲ್ಲಿ ಟ್ಯೂವ್‌ನಂಥ ಸಂಸ್ಥೆಗಳ ಎಂಜಿನಿಯರುಗಳು ಮಾರ್ಪಾಡನ್ನು ಪರೀಕ್ಷಿಸಿದ ಮೇಲೆ ಅದು ವಾಹನದ ಕಾಗದಕ್ಕೆ ಸೇರುತ್ತದೆ. ವಾಹನ ತಯಾರಿಕೆಗೆ ಹೆಸರಾದ ಚೆನ್ನೈನಲ್ಲಿ, ಬೆಂಗಳೂರಿನಲ್ಲಿ ಅಂಥ ತಪಾಸಣೆ ನಡೆಸುವ ಪರಿಣತಿಗೆ ಕೊರತೆಯಿಲ್ಲ. ಬ್ರೇಕು, ಬೆಸುಗೆ, ಶಬ್ದ, ಹೊಗೆ ನಾಲ್ಕನ್ನೂ ಅಳೆದು, ಶುಲ್ಕ ಪಡೆದು, ಆರ್‌ಸಿ ತಿದ್ದಿಕೊಡುವ ಒಂದು ಕೌಂಟರ್ ತೆರೆದರೆ ಕದ್ದುಮುಚ್ಚಿ ನಡೆಯುವ ಕೆಲಸ ಬೆಳಕಿಗೆ ಬರುತ್ತದೆ. ಕೈಯಲ್ಲಿ ಕಸುಬಿರುವ ಮೆಕ್ಯಾನಿಕ್, ವೆಲ್ಡರ್, ಟಿಂಕರ್‌ಗಳಿಗೆ ಗೌರವದ ದುಡಿಮೆ ಸಿಗುತ್ತದೆ. ಸಾರಿಗೆ ಸಚಿವಾಲಯ ಇದನ್ನು ಗಂಭೀರವಾಗಿ ಯೋಚಿಸಬೇಕು.

ಆ ದಿನ ಬರುವವರೆಗೆ ಚಾಪರ್ ಕನಸು ಕಾಣುವವರು ಗರಗಸಕ್ಕಿಂತ ಮೊದಲು ಅಳತೆಪಟ್ಟಿ ಹಿಡಿಯಲಿ. ಕತ್ತು ಹಾಗೇ ಇರಲಿ, ಬ್ರೇಕು ಎರಡೂ ಇರಲಿ, ಆರ್‌ಸಿ ಮತ್ತು ಗಾಡಿ ಒಂದೇ ಮಾತು ಹೇಳಲಿ.